ಇಂಡಿಯಾ ಕ್ಯಾಪ್ ಸಿಗಲಿಲ್ಲ, ಆದ್ರೆ ಆಟ ನಿಲ್ಲಲಿಲ್ಲ!

ಎರಡು ವರ್ಷದಿಂದ ನನ್ನ ಪ್ರಮೋಷನ್ ಮುಂದಕ್ಕೆ ಹೋಗ್ತಾನೇ ಇದೆ. ರೇಟಿಂಗ್ ಚೆನ್ನಾಗಿದೆ, ಜಾಗ ಮಾತ್ರ ಖಾಲಿ ಇಲ್ಲವಂತೆ. ಹೀಗೆ ಬೇಜಾರಾದಾಗೆಲ್ಲ ನನಗೆ ನೆನಪಾಗೋದು ಜೆ. ಅರುಣ್ ಕುಮಾರ್.

ಯಾರಪ್ಪಾ ಇವರು ಅಂತೀರಾ? ಕರ್ನಾಟಕದ ಆರಂಭಿಕ ಬ್ಯಾಟ್ಸ್‌ಮನ್. ತೊಂಬತ್ತರ ದಶಕದಲ್ಲಿ ರಾಜ್ಯ ತಂಡ 1995-96, 1997-98, 1998-99ರಲ್ಲಿ ರಣಜಿ ಟ್ರೋಫಿ ಗೆದ್ದಿತಲ್ಲ, ಆ ಕಾಲದವರು. ದ್ರಾವಿಡ್, ಕುಂಬ್ಳೆ, ಶ್ರೀನಾಥ್ ಟೆಸ್ಟ್ ಆಡೋಕೆ ಹೋದಾಗಲೂ ರಾಜ್ಯ ತಂಡಕ್ಕೆ ಇನಿಂಗ್ಸ್ ಆರಂಭಿಸಿ ಕೊಡೋರು ಬೇಕಿತ್ತು. ಹೊಸ ಚೆಂಡನ್ನು ಎದುರಿಸೋ ಆ ಕೆಲಸವನ್ನು ವರ್ಷಗಟ್ಟಲೆ ಮಾಡಿದವರು ಅರುಣ್. ಪ್ರಥಮ ದರ್ಜೆಯಲ್ಲಿ 7,000ಕ್ಕೂ ಹೆಚ್ಚು ರನ್ ಗಳಿಸಿದ್ರು. ಆದರೂ ಭಾರತ ತಂಡದಿಂದ ಕರೆ ಬರಲೇ ಇಲ್ಲ. ದೇಶಕ್ಕೆಲ್ಲ ಸೇರಿ ಇರೋದು ಎರಡೇ ಆರಂಭಿಕ ಸ್ಥಾನ ನೋಡಿ!

2008ರಲ್ಲಿ ಐಪಿಎಲ್ ಶುರುವಾದಾಗ ಆರ್‌ಸಿಬಿ ಪರ ಕೆಲವೇ ಪಂದ್ಯ ಸಿಕ್ಕಿತು. ಅಷ್ಟೊತ್ತಿಗೆ ಮೂವತ್ಮೂರು ವರ್ಷ. ಕಥೆ ಮುಗೀತು ಅನ್ಕೊಂಡ್ರಾ?

ಮುಂದೆ ಅವರು ಅದೇ ಕರ್ನಾಟಕ ತಂಡಕ್ಕೆ ಕೋಚ್ ಆದ್ರು. 1998-99ರ ನಂತರ ರಾಜ್ಯಕ್ಕೆ ರಣಜಿ ಬಂದಿರಲಿಲ್ಲ. ವಿನಯ್ ಕುಮಾರ್ ನಾಯಕತ್ವ, ಅರುಣ್ ತರಬೇತಿ. 2013-14ರಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ನಮ್ಮದು! ಮರುವರ್ಷ ಮತ್ತೆ ಅದೇ ಮೂರು! ಆ ಎರಡನೇ ವರ್ಷ ಕೆ.ಎಲ್. ರಾಹುಲ್ ಉತ್ತರ ಪ್ರದೇಶದ ವಿರುದ್ಧ 337 ಹೊಡೆದ್ರೆ, ಕರುಣ್ ನಾಯರ್ ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ 328 ಬಾರಿಸಿದ್ರು. 2016ರ ಚೆನ್ನೈ ಟೆಸ್ಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ ರಾಹುಲ್ 199, ಕರುಣ್ ಔಟಾಗದೆ 303. ಕೋಚ್‌ಗೆ ಸಿಗದ ಕ್ಯಾಪ್ ಹುಡುಗರ ತಲೆ ಮೇಲಿತ್ತು.

2020ರಲ್ಲಿ ಅಮೆರಿಕ ತಂಡವೂ ಅವರನ್ನ ಕೋಚ್ ಮಾಡಿಕೊಂಡಿತು.

ಇದನ್ನ ಓದಿ ‘ಎಲ್ಲಾ ಒಳ್ಳೇದಕ್ಕೇ’ ಅಂತ ಸಮಾಧಾನ ಮಾಡ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಸಿಗದೇ ಇದ್ದದ್ದು ಸಿಗಲಿಲ್ಲ ಅಷ್ಟೇ, ಆ ನೋವು ನಿಜ. ಆದ್ರೆ ಅಷ್ಟು ವರ್ಷ ಕ್ರೀಸ್‌ನಲ್ಲಿ ಕಲಿತಿದ್ದು ಎಲ್ಲೂ ಹೋಗಲಿಲ್ಲ. ಈ ಸಲ ನಮ್ಮ ಟೀಮಿಗೆ ಬಂದ ಇಬ್ಬರು ಹೊಸಬರಿಗೆ ಕೆಲಸ ಕಲಿಸೋ ಜವಾಬ್ದಾರಿ ನಾನೇ ಕೇಳಿ ತಗೊಂಡಿದ್ದೀನಿ. ಪ್ರಮೋಷನ್ ಅರ್ಜಿಯನ್ನೂ ಮತ್ತೆ ಹಾಕಿದ್ದೀನಿ.

ನಿಮ್ಮ ಊರಲ್ಲೂ ಇಂಥ ಆಟಗಾರರು ಇದ್ದೇ ಇರ್ತಾರೆ. ಅವರ ಬಗ್ಗೆ ನಮಗೆ ಬರೆದು ಕಳಿಸ್ತೀರಾ?