ವೈಮಾನಿಕ ರೇಡಿಯೊ ಗ್ರಹಣ

ವಿಮಾನ ಚಾಲಕರು ಹಾಗೂ ನೆಲದ ಸಂಚಾರ ನಿಯಂತ್ರಕರ ನಡುವಣ ಧ್ವನಿ ಸಂಪರ್ಕವು ಮುಖ್ಯವಾಗಿ 118ರಿಂದ 137 ಮೆಗಾಹರ್ಟ್ಸ್‌ವರೆಗಿನ ವಿಎಚ್‌ಎಫ್ ಪಟ್ಟಿಯಲ್ಲಿ ನಡೆಯುತ್ತದೆ. ಈ ಅಲೆಗಳು ಬಹುಮಟ್ಟಿಗೆ ದೃಷ್ಟಿರೇಖೆಯಲ್ಲಿ ಸಾಗುವುದರಿಂದ ಪ್ರೇಷಕದ ಶಕ್ತಿಗಿಂತ ಅದರ ಸ್ಥಾನ ಮತ್ತು ಎತ್ತರಗಳೇ ಪ್ರಧಾನ.

ಆಂಟೆನಾದ ಎತ್ತರದ (ಮೀಟರ್) ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತದ ದೂರ (ಕಿ.ಮೀ.) ದೊರೆಯುತ್ತದೆ, ಎರಡೂ ತುದಿಗಳ ದೂರಗಳ ಮೊತ್ತವೇ ಗರಿಷ್ಠ ವ್ಯಾಪ್ತಿ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲುಸೀಮೆಯಲ್ಲಿ ಎತ್ತರದ ಬೆಟ್ಟಗಳು ವಿರಳ. ಮುಖ್ಯ ಅಡ್ಡಿ ಭೂಮಿಯ ಬಾಗು. 2019ರಲ್ಲಿ ಆರಂಭವಾದ ಕಲಬುರಗಿ ವಿಮಾನ ನಿಲ್ದಾಣವು ಸಿಂದಗಿಯಿಂದ ನೇರವಾಗಿ ಸುಮಾರು 90 ಕಿ.ಮೀ. ದೂರದಲ್ಲಿದೆ. ಅಲ್ಲಿನ ಆಂಟೆನಾ 25 ಮೀಟರ್, ಸಿಂದಗಿಯ ಮಾಳಿಗೆಯ ಗ್ರಾಹಕ 9 ಮೀಟರ್ ಎತ್ತರದಲ್ಲಿವೆಯೆಂದು ಭಾವಿಸಿದರೆ ವ್ಯಾಪ್ತಿ ಕೇವಲ 33 ಕಿ.ಮೀ.; ನಿಯಂತ್ರಕರ ಮಾತು ಕೇಳಿಸದು. 10,000 ಮೀಟರ್ ಎತ್ತರದ ವಿಮಾನಕ್ಕಾದರೋ ಅದು 430 ಕಿ.ಮೀ. ದೂರದವರೆಗೂ ತಲುಪಬಲ್ಲದು. ಹೀಗಾಗಿ ಸಿಂದಗಿಯಲ್ಲಿ ಚಾಲಕನ ಉತ್ತರ ಮಾತ್ರ ಕಿವಿಗೆ ಬಿದ್ದರೆ ಅದು ಗ್ರಾಹಕದ ದೋಷವಲ್ಲ.

ದಿಗಂತದೊಳಗೆ ದೂರ ಇಮ್ಮಡಿಯಾದರೆ ಅಷ್ಟೇ ಬಲದ ಸಂಕೇತಕ್ಕೆ ನಾಲ್ಮಡಿ ಶಕ್ತಿ ಬೇಕು. ದಿಗಂತದಾಚೆಗೆ ಶಕ್ತಿ ಹೆಚ್ಚಿಸುವುದರಿಂದ ಪ್ರಯೋಜನ ಅತ್ಯಲ್ಪ. ನೆಲವನ್ನು ಅನುಸರಿಸಿ ಸಾಗುವ ಆಕಾಶವಾಣಿಯ ಮಧ್ಯಮ ತರಂಗಗಳೊಡನೆ ಇದನ್ನು ಹೋಲಿಸಲಾಗದು. 100 ಮೀಟರ್ ಎತ್ತರದಲ್ಲಿ ಹಾರುವ ಹೆಲಿಕಾಪ್ಟರ್ ಇದೇ ಆಂಟೆನಾದಿಂದ ಸುಮಾರು 60 ಕಿ.ಮೀ. ದಾಟಿದೊಡನೆ ಸಂಪರ್ಕ ಕಳೆದುಕೊಳ್ಳಬಹುದು. ಆದ್ದರಿಂದಲೇ ನಿಯಂತ್ರಣ ಕೇಂದ್ರಗಳು ದೂರದ ಎತ್ತರದ ಸ್ಥಳಗಳಲ್ಲಿ ಹೆಚ್ಚುವರಿ ಪ್ರೇಷಕ, ಗ್ರಾಹಕಗಳನ್ನು ಸ್ಥಾಪಿಸುತ್ತವೆ.