ಬೇಟೆ ಕಾಡಲ್ಲಿ ತೋಳ ಎದುರಾದ್ರೆ ಏನು ಮಾಡಬೇಕು?

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಕೇಳುಗರೊಬ್ಬರು ಹೀಗೆ ಕೇಳಿದ್ದಾರೆ: "ಆಫೀಸಿನವರು ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಕರೀತಿದ್ದಾರೆ. ಆ ಕಾಡಲ್ಲಿ ತೋಳಗಳಿವೆಯಂತೆ. ಹೋಗಬಹುದಾ?"

ನಾನು ಬಿ.ಕಾಂ. ಓದಿದವನು. ಅಪಾಯ ಅಂದ್ರೆ ಮೊದಲು ಲೆಕ್ಕ ನೋಡ್ತೀನಿ. ನಾರ್ವೆಯ ನಿಸರ್ಗ ಸಂಶೋಧನಾ ಸಂಸ್ಥೆ 2021ರಲ್ಲಿ ಒಂದು ವರದಿ ಕೊಟ್ಟಿತು. ಅದರ ಪ್ರಕಾರ ಆಗ ಉತ್ತರ ಅಮೆರಿಕದಲ್ಲಿ ಸುಮಾರು 60,000 ತೋಳಗಳಿದ್ದವು, ಯುರೋಪಿನಲ್ಲಿ ಸುಮಾರು 15,000. 2002ರಿಂದ 2020ರವರೆಗೆ ಈ ಎರಡೂ ಕಡೆ ಸೇರಿ ತೋಳದ ದಾಳಿಗೆ ಸತ್ತವರು ಇಬ್ಬರು. 2005ರಲ್ಲಿ ಕೆನಡಾದಲ್ಲಿ ಒಬ್ಬರು, 2010ರಲ್ಲಿ ಅಲಾಸ್ಕಾದಲ್ಲಿ ಒಬ್ಬರು. ಇಬ್ಬರೂ ಬೇಟೆಗೆ ಹೋದವರಲ್ಲ. ಒಂಟಿಯಾಗಿ ವಾಕಿಂಗ್, ಜಾಗಿಂಗ್ ಹೋಗಿದ್ದವರು.

ಹಾಗಂತ ತೋಳ ಸಾಧು ಪ್ರಾಣಿ ಅಂತಲ್ಲ. ಹುಚ್ಚು ಹಿಡಿದ ತೋಳ, ಕ್ಯಾಂಪಿನ ಕಸ ತಿಂದು ಮನುಷ್ಯರ ಭಯ ಬಿಟ್ಟ ತೋಳ, ಇವೆರಡೂ ನಿಜಕ್ಕೂ ಅಪಾಯ. ಮೂರನೆಯದು ನಾಯಿ. ವಿಸ್ಕಾನ್ಸಿನ್‌ನಲ್ಲಿ ಕರಡಿ ಬೇಟೆಗೆ ಬಿಟ್ಟ ನಾಯಿಗಳನ್ನು ತೋಳಗಳು ಕೊಲ್ಲುತ್ತವೆ. ತೋಳದ ಕಣ್ಣಿಗೆ ನಾಯಿ ಅಂದ್ರೆ ತನ್ನ ಜಾಗಕ್ಕೆ ನುಗ್ಗಿದ ಇನ್ನೊಂದು ತೋಳ. ಮರಿಗಳಿರುವ ಕಾಲದಲ್ಲಂತೂ ಅವು ಸುಮ್ಮನಿರಲ್ಲ. ಇಂಥ ದಾಳಿ ನಡೆದ ಜಾಗಗಳನ್ನು ಅಲ್ಲಿನ ಇಲಾಖೆ ನಕ್ಷೆಯಲ್ಲಿ ಗುರುತಿಸಿ ಪ್ರಕಟಿಸುತ್ತೆ. ಹೊರಡುವ ಮುಂಚೆ ನೋಡ್ಕೊಳ್ಳಿ. ಜಿಂಕೆ ಬೇಟೆಗೆ ನಾಯಿ ಬಿಡೋದು ಅಲ್ಲಿ ನಿಷಿದ್ಧ, ಹಾಗಾಗಿ ನಿಮಗೆ ಆ ತಲೆನೋವಿಲ್ಲ.

ತೋಳ ಎದುರಾದ್ರೆ ಓಡಬೇಡಿ, ಓಡಿದ್ರೆ ಅಟ್ಟಿಸಿಕೊಂಡು ಬರಬಹುದು. ಬೆನ್ನು ತೋರಿಸದೆ, ಕೈ ಮೇಲೆತ್ತಿ, ಜೋರಾಗಿ ಕೂಗ್ತಾ ನಿಧಾನಕ್ಕೆ ಹಿಂದೆ ಸರಿಯಿರಿ. ಹೊಡೆದ ಜಿಂಕೆಯನ್ನು ಕತ್ತಲಾಗೋ ಮೊದಲೇ ಸಾಗಿಸಿ. ಮಾಂಸವನ್ನು ಮಲಗುವ ಡೇರೆಯ ಹತ್ತಿರ ಇಡಬೇಡಿ. ಹೆದರಿ ಗುಂಡು ಹಾರಿಸೋಕೂ ಹೋಗಬೇಡಿ. 2022ರ ಕೋರ್ಟ್ ಆದೇಶದಿಂದ ಅಲ್ಲಿ ತೋಳಕ್ಕೆ ಮತ್ತೆ ಕೇಂದ್ರ ಕಾನೂನಿನ ರಕ್ಷಣೆ ಸಿಕ್ಕಿದೆ. ಮನುಷ್ಯನ ಜೀವಕ್ಕೇ ಕುತ್ತು ಬಂದಾಗ ಮಾತ್ರ ಹೊಡೆಯಬಹುದು.

ಹಾಗಾದ್ರೆ ಹೆದರಬೇಕಾದ್ದು ಯಾವುದಕ್ಕೆ? ಮರದ ಮೇಲಿನ ಅಟ್ಟಣೆಯಿಂದ ಬೀಳೋದಕ್ಕೆ, ಇನ್ನೊಬ್ಬರ ಗುಂಡಿಗೆ, ನವೆಂಬರಿನ ಚಳಿಗೆ. ಇಡೀ ಮೈಗೆ ಹಾಕುವ ಸುರಕ್ಷತಾ ಹಾರ್ನೆಸ್ ಕಟ್ಟಿ, ಕಣ್ಣಿಗೆ ಹೊಡೆಯೋ ಕಿತ್ತಳೆ ಬಣ್ಣದ ಜಾಕೆಟ್ ಹಾಕಿ, ಎಲ್ಲಿಗೆ ಹೋಗ್ತೀರಿ, ಯಾವಾಗ ವಾಪಸ್ ಬರ್ತೀರಿ ಅಂತ ಮನೇಲಿ ಹೇಳಿ ಹೋಗಿ.