ಸೊಪ್ಪಿನ ಪುಡಿಯೂ ಕೋಳಿಮರಿಯ ಹೊಟ್ಟೆಯೂ

ಹೊಲದ ಬದುವಿನಲ್ಲಿ, ರಸ್ತೆಯ ಪಕ್ಕದಲ್ಲಿ ಸುಬಾಬುಲ್ ಮರವನ್ನು ನೀವು ನೋಡಿರುತ್ತೀರಿ. ಹುಣಸೆಯಂಥ ಸಣ್ಣ ಎಲೆ, ಚೆಂಡಿನಂಥ ಬಿಳಿ ಹೂ, ಚಪ್ಪಟೆ ಕಾಯಿಯ ಗೊಂಚಲು. ಮೂಲತಃ ಮೆಕ್ಸಿಕೋ ಕಡೆಯ ಮರ. ಇದರ ಎಲೆಯನ್ನು ಒಣಗಿಸಿ ಪುಡಿಮಾಡಿದರೆ, ಆ ಪುಡಿಯಲ್ಲಿ ಶೇಕಡ 20ರಿಂದ 25ರಷ್ಟು ಸಸಾರಜನಕವಿರುತ್ತದೆ. ಮೆಕ್ಕೆಜೋಳದಲ್ಲಿ ಇರುವುದು ಶೇಕಡ 9ರ ಆಸುಪಾಸು ಮಾತ್ರ. ಕೋಳಿ ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಆಹಾರಕ್ಕೇ ಹೋಗುತ್ತದೆ. ಹಾಗಿದ್ದರೆ ದುಬಾರಿ ಸೋಯಾ ಹಿಂಡಿಯ ಬದಲು ಬಿಟ್ಟಿ ಸಿಗುವ ಸೊಪ್ಪನ್ನೇ ಏಕೆ ಹಾಕಬಾರದು ಎಂದು ನೀವು ಕೇಳಬಹುದು.

ಬ್ರಾಯ್ಲರ್ ಮರಿ ಹುಟ್ಟಿದ ದಿನ ಸುಮಾರು 40 ಗ್ರಾಂ ತೂಗುತ್ತದೆ. ಆರು ವಾರಗಳಲ್ಲಿ ಅದು ಎರಡು ಕಿಲೋ ದಾಟಬೇಕು, ಅಂದರೆ 50 ಪಟ್ಟು! ಆ ಪುಟ್ಟ ಹೊಟ್ಟೆಗೆ ಇಳಿಯುವ ಪ್ರತಿ ಗುಕ್ಕಿನಲ್ಲೂ ಶಕ್ತಿ ತುಂಬಿರಬೇಕು. ಕಿಲೋ ಆಹಾರದಲ್ಲಿ ಸುಮಾರು 3000 ಕಿಲೋಕ್ಯಾಲರಿ ಇರಬೇಕೆಂಬುದು ಲೆಕ್ಕ. ಸೊಪ್ಪಿನ ಪುಡಿಯಾದರೋ ಹಗುರ, ನಾರು ಜಾಸ್ತಿ. ನಾರನ್ನು ಅರಗಿಸಿಕೊಡುವ ಸೂಕ್ಷ್ಮಜೀವಿಗಳು ಹಸುವಿನ ಹೊಟ್ಟೆಯಲ್ಲಿ ಅಪಾರವಾಗಿವೆ; ಮರಿಗೆ ಆ ಸೌಕರ್ಯವಿಲ್ಲ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಇನ್ನೊಂದು ತೊಡಕು ಮಿಮೊಸಿನ್. ಸುಬಾಬುಲ್ ಎಲೆಯಲ್ಲಿರುವ ಈ ಅಮೈನೋ ಆಮ್ಲ ಮರಿಯ ಬೆಳವಣಿಗೆಯನ್ನು ಕುಂಠಿಸುತ್ತದೆ. ಈ ಸೊಪ್ಪನ್ನು ಹೆಚ್ಚು ತಿಂದ ಕುದುರೆಯ ಕೂದಲು ಉದುರುವುದೂ ಇದರಿಂದಲೇ. ಆಸ್ಟ್ರೇಲಿಯದ ದನಗಳಿಗೂ ಇದು ಬಾಧಿಸುತ್ತಿತ್ತು, ಹವಾಯಿಯ ಆಡುಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಕಾರಣ ಹುಡುಕಿದವರು ಆಸ್ಟ್ರೇಲಿಯದ ವಿಜ್ಞಾನಿ ರೇಮಂಡ್ ಜೋನ್ಸ್. ಮಿಮೊಸಿನ್‌ನಿಂದ ಹುಟ್ಟುವ ವಿಷವನ್ನು ಒಡೆಯುವ ಬ್ಯಾಕ್ಟೀರಿಯ ಆ ಆಡುಗಳ ಹೊಟ್ಟೆಯಲ್ಲಿತ್ತು! 1992ರಲ್ಲಿ ಅದಕ್ಕೆ ಅವರ ಹೆಸರನ್ನೇ ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ನಾಮಕರಣವಾಯಿತು. ಮೆಲುಕು ಹಾಕದ ಕೋಳಿಗೆ ಇಂಥ ನೆರವು ಎಲ್ಲಿಂದ ಬರಬೇಕು?

ಎಲೆಯನ್ನು ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ ಒಣಗಿಸಿದರೆ ಮಿಮೊಸಿನ್ ಕಡಿಮೆಯಾಗುತ್ತದೆ. ನಾರು ಮಾತ್ರ ಉಳಿದೇ ಉಳಿಯುತ್ತದೆ. ನುಗ್ಗೆ ಸೊಪ್ಪಿನಲ್ಲಿ ಮಿಮೊಸಿನ್‌ನ ಕಾಟವಿಲ್ಲವಾದರೂ ಅಳತೆ ಮೀರುವಂತಿಲ್ಲ. 100 ಕಿಲೋ ಆಹಾರದಲ್ಲಿ 5 ಕಿಲೋ ಸುಬಾಬುಲ್ ಪುಡಿಯೇ ಮೇಲಿನ ಮಿತಿ ಎಂದಿಟ್ಟುಕೊಳ್ಳಿ. ಮೊದಲ ಎರಡು ವಾರ ಅದೂ ಬೇಡವೆಂದು ನನ್ನ ಅಭಿಪ್ರಾಯ. ಆ 5 ಕಿಲೋ ಕೊಡುವ ಸಸಾರಜನಕ ಒಂದು ಕಿಲೋಗಿಂತ ತುಸು ಹೆಚ್ಚು, ಅಷ್ಟೆ. ಮರಿಯ ಆಹಾರಕ್ಕೆ ಬೇಕಾದದ್ದು 22 ಕಿಲೋ. ಸೋಯಾ ಹಿಂಡಿಯನ್ನು ಬಿಡುವಂತಿಲ್ಲ.

ಮೊಟ್ಟೆ ಕೋಳಿಯ ವಿಷಯ ಬೇರೆ. ಈ ಸೊಪ್ಪಿನಲ್ಲಿ ಕ್ಸಾಂಥೋಫಿಲ್ ಎಂಬ ಹಳದಿ ಬಣ್ಣ ಧಾರಾಳವಾಗಿದೆ. ಸ್ವಲ್ಪ ಪುಡಿ ಬೆರೆಸಿದರೂ ಸಾಕು, ಮೊಟ್ಟೆಯ ಭಂಡಾರ ಗಾಢ ಹಳದಿಯಾಗುತ್ತದೆ.